ಕಚರೂ ಬಾ ಕಟ್ಟಿದ ಕೆಂಪು ದಾರ

ಕಚರೂಲಾಲನಿಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳಿಯಲಿಲ್ಲ. ಅದಕ್ಕೇ ಇವನು ಹುಟ್ಟಿದ ಕೂಡಲೇ ಅಜ್ಜಿ ಎತ್ತಿಕೊಂಡು ಹೋಗಿ ತಿಪ್ಪೆಯ ಮೇಲೆ ಹೊರಳಿಸಿ, ಕಸ ಎಂಬ ಅರ್ಥ ಬರುವ ಹೆಸರಿಟ್ಟು, ಊರಾಚೆಯ ಕಾಳಿಕಾ ಮಾತಾಜಿಯ ಕಟ್ಟೆಯ ಮೇಲೆ ಮಲಗಿಸಿ ಬಂದಳು. ಕಸವನ್ನು ಯಮನೂ ಮುಟ್ಟುವುದಿಲ್ಲ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಯಿತು. ಅರವತ್ತು ದಾಟಿ, ಹಿರಿಯರನ್ನು ಕರೆಯುವ ಹಾಗೆ ಊರೆಲ್ಲ ಕಚರೂ ಬಾ ಎಂದು ಕರೆಯತೊಡಗಿದರೂ ಯಮ ಈ ಕಡೆ ತಲೆ ಹಾಕಿಲ್ಲ. ಒಂದು ವೇಳೆ ಬಂದಿದ್ದರೂ ಇವನ ಬಾಯಿಗೆ ಹೆದರಿ ಬಾಗಿಲಿನಿಂದಲೇ ವಾಪಸು ಹೋಗಿರುತ್ತಾನೆ ಎಂಬುದು ನನ್ನ ಅಭಿಪ್ರಾಯ.

ಬಾಯಿ ಎಂದರೆ ಅಂಥಿಂಥ ಬಾಯಲ್ಲ. ಬೆಳಿಗ್ಗೆ ಎದ್ದು ಎಮ್ಮೆಯಿಂದ ಶುರುಮಾಡಿದರೆ ಹೆಂಡತಿ ಸುಗನ್‌ಬಾಯಿ, ಬಾವಿಯ ಪಂಪು, ಕರೆಂಟಿನವರು, ಮೋಡ, ಕೊನೆಗೆ ನಾನು, ಎಲ್ಲರಿಗೂ ಪಾಲು ಹಂಚಿಯೇ ಅವನು ಮೆಕ್ಕೆಜೋಳದ ರೊಟ್ಟಿ ಮುರಿಯುವುದು. ನನಗೆ ಪಾಲು ಸ್ವಲ್ಪ ಹೆಚ್ಚು. ಒಂದು, ನಮ್ಮಿಬ್ಬರ ಹೊಲಕ್ಕೆ ಒಂದೇ ಬದು. ಇನ್ನೊಂದು, ನಾನು ಊರಿನ ಲಂಬರ್‌ದಾರ. ಅಫೀಮು ಬೆಳೆಯಲು ಸರ್ಕಾರದಿಂದ ಪಟ್ಟಾ, ಅಂದರೆ ಪರವಾನಗಿ, ಪಡೆದವರ ಹೊಲಗಳ ಮೇಲೆ ಕಣ್ಣಿಡುವುದು, ದಿನಾ ಬೆಳಿಗ್ಗೆ ಗಸಗಸೆ ಕಾಯಿಯಿಂದ ಕೆರೆದು ತಂದ ಹಾಲನ್ನು ತೂಗಿಸುವುದು, ಕೊನೆಗೆ ಎಲ್ಲರನ್ನೂ ಡಬ್ಬದ ಸಮೇತ ತೂಕದ ಕೇಂದ್ರಕ್ಕೆ ಹೊರಡಿಸುವುದು ನನ್ನ ಕೆಲಸ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಬೈಗುಳ ಮಾತ್ರ ಧಾರಾಳ. ನಾನೂ ಬಿಡುವವನಲ್ಲ, ಪಡೆದದ್ದನ್ನು ಬಡ್ಡಿ ಸಮೇತ ವಾಪಸು ಕೊಟ್ಟಿದ್ದೇನೆ.

ನಮ್ಮ ಮಂದಸೌರ್ ಕಡೆ ಹೆಣ್ಣು ಕೇಳಲು ಹೋದರೆ ಹುಡುಗ ಏನು ಓದಿದ್ದಾನೆ ಎಂದು ಆಮೇಲೆ ಕೇಳುತ್ತಾರೆ, ಮನೆಯಲ್ಲಿ ಪಟ್ಟಾ ಇದೆಯೇ ಎಂದು ಮೊದಲು. ಹೊಲ ಅಂಗೈಯಗಲ ಇದ್ದರೂ ಚಿಂತೆಯಿಲ್ಲ, ಪಟ್ಟಾ ಇದ್ದವನು ದೊಡ್ಡವನು. ಪಟ್ಟಾ ಕಳೆದುಕೊಂಡವನು ಆಲದ ಕಟ್ಟೆಯ ಮೇಲೆ ಕುಳಿತರೆ ಪಕ್ಕದವನು ಬೀಡಿ ಚಾಚುವುದಿಲ್ಲ. ಸರ್ಕಾರ ಹೇಳಿದಷ್ಟು ತೂಕ ಕೊಡದಿದ್ದರೆ ಪಟ್ಟಾ ರದ್ದು. ಹೋದ ವರ್ಷ ಕಚರೂ ಬಾನ ತೂಕ ಸ್ವಲ್ಪದರಲ್ಲಿ ತಪ್ಪಿತು. ಅಷ್ಟೇ ಆಗಿದ್ದರೆ ಕೈಮುಗಿದು ಬರಬಹುದಿತ್ತು. ಆದರೆ ತೂಗುವ ಸಾಹೇಬರು ಎಲ್ಲರನ್ನೂ ಕೇಳುವ ಹಾಗೆ ಇವನನ್ನೂ, ಇದರಲ್ಲಿ ಏನಾದರೂ ಬೆರೆಸಿದ್ದೀರಾ ಎಂದು ಕೇಳಿಬಿಟ್ಟರು. ಕಚರೂ ಬಾ ಸಾಹೇಬರ ತಾತನಿಂದ ಹಿಡಿದು ಅವರ ಮನೆಯ ಹಾಲಿನವನವರೆಗೆ ಯಾರ್ಯಾರು ಏನೇನು ಬೆರೆಸಿರಬಹುದು ಎಂದು ವಿವರಿಸಿದ. ಅವನ ಡಬ್ಬ ಪಕ್ಕಕ್ಕೆ ಹೋಯಿತು, ಪರೀಕ್ಷೆಗೆ ಹೋಯಿತು, ಮಳೆಗಾಲ ಮುಗಿದ ಮೇಲೆ ನಿಷ್ಕಳಂಕವಾಗಿ ಬಂತು. ಸಾಹೇಬರು ಒಳ್ಳೆಯವರು. ಇದೊಂದು ವರ್ಷ ನೋಡೋಣ, ಮುಂದಿನ ಸಲ ತೂಕ ತಪ್ಪಿದರೆ ನನ್ನ ಕೈಯಲ್ಲೂ ಏನಿಲ್ಲ ಎಂದರು.

ಹೀಗಾಗಿ ಈ ವರ್ಷ ದೀಪಾವಳಿ ಮುಗಿಸಿ ಗಸಗಸೆ ಚೆಲ್ಲಿದ ದಿನದಿಂದಲೇ ಕಚರೂ ಬಾ ಹೊಲದಲ್ಲೇ ಬೀಡುಬಿಟ್ಟ. ಸಸಿ ದಟ್ಟವಾದಾಗ ಕಿತ್ತು ತೆಳುಮಾಡಿದ ಎಳೆ ಸೊಪ್ಪನ್ನು ಸುಗನ್‌ಬಾಯಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿ ಅಲ್ಲಿಗೇ ಕಳಿಸುತ್ತಿದ್ದಳು. ಸಾಲಿನ ನಡುವೆ ಸತ್ಯಾನಾಶಿ ಎದ್ದರೆ ಇವನು ಅದರ ಬೇರಿನ ಜೊತೆ ಮಾತಾಡುತ್ತಲೇ ಕೀಳುತ್ತಿದ್ದ. ಹಳದಿ ಹೂವಿನ, ಮೈಯೆಲ್ಲ ಮುಳ್ಳಿನ ಆ ಕಳೆ ಅವನ ಪರಮವೈರಿ. ಅದರ ಬೀಜ ಸಾಸಿವೆಯಲ್ಲಿ ಸೇರಿ, ಆ ಎಣ್ಣೆ ತಿಂದು ಅವನ ಸೋದರಮಾವನ ಕಾಲುಗಳು ಕಂಬದ ಹಾಗೆ ಊದಿಕೊಂಡಿದ್ದವು. ಒಮ್ಮೆ ಬೇಸಾಯ ಇಲಾಖೆಯ ಹುಡುಗನೊಬ್ಬ ಬಂದು, ಬಾ, ಗಸಗಸೆಯೂ ಸತ್ಯಾನಾಶಿಯೂ ಒಂದೇ ಕುಲ, ಎರಡರ ಮೊಗ್ಗಿಗೂ ಅರಳುವಾಗ ಉದುರುವ ಮುಚ್ಚಳ, ಮುರಿದರೆ ಎರಡರಲ್ಲೂ ಹಾಲು, ಇದರದು ಬಿಳಿ ಅದರದು ಹಳದಿ ಅಷ್ಟೆ ಎಂದು ಬಿಡಿಸಿ ತೋರಿಸಿದ. ಕಣ್ಣಾರೆ ಕಂಡರೂ ಕಚರೂ ಬಾ ಒಪ್ಪಲಿಲ್ಲ.

"ಹಂಗಾದ್ರೆ ಸುಗನ್ ತಮ್ಮನೂ ನಾನೂ ಒಂದೇ ಕುಲ ಅಂತೀಯಾ?" ಎಂದ.

"ಹೌದಲ್ವಾ ಬಾ, ಒಂದೇ ಕುಲ."

"ಅದೇ ಹೇಳಿದ್ದು. ಅವನೂ ಕಳೆಯೇ. ಮುಚ್ಚಳ ನೋಡಿ ನೆಂಟಸ್ತನ ಕಟ್ಟಬಾರದು."

ಮಾಘದ ಕೊನೆಗೆ ಮೊಗ್ಗು ಬಂತು. ಗಸಗಸೆಯ ಮೊಗ್ಗು ಹೊಸದಾಗಿ ಬಂದ ಸೊಸೆಯಂತೆ ತಲೆ ತಗ್ಗಿಸಿಕೊಂಡೇ ಬೆಳೆಯುತ್ತದೆ. ಅರಳುವ ಬೆಳಿಗ್ಗೆ ಕುತ್ತಿಗೆ ನೆಟ್ಟಗಾಗುತ್ತದೆ, ಹಸಿರು ಮುಚ್ಚಳಗಳೆರಡೂ ಕಳಚಿ ಬೀಳುತ್ತವೆ, ನಾಲ್ಕು ಎಸಳು ಟ್ರಂಕಿನಲ್ಲಿ ತುರುಕಿಟ್ಟಿದ್ದ ಸೀರೆಯ ಹಾಗೆ ಸುಕ್ಕುಸುಕ್ಕಾಗಿ ಹೊರಬರುತ್ತವೆ. ಸುಕ್ಕು ಬಿಡಿಸಿಕೊಂಡು ನಿಲ್ಲುವಷ್ಟರಲ್ಲಿ ಉದುರಿಯೂ ಹೋಗುತ್ತವೆ. ಉಳಿಯುವುದು ತಲೆಯ ಮೇಲೆ ಕಿರೀಟ ಇಟ್ಟ ಹಸಿರು ಕಾಯಿ. ನಮಗೆ ಬೇಕಾದದ್ದು ಆ ಕಾಯಿ. ಗಿಣಿಗಳಿಗೂ ಅದೇ.

ನಮ್ಮ ಗಿಣಿಗಳು ಹಣ್ಣು ತಿಂದುಕೊಂಡಿರುವ ಸಂಭಾವಿತ ಗಿಣಿಗಳಲ್ಲ. ಕಾಯಿಯ ಕುತ್ತಿಗೆ ಕತ್ತರಿಸಿ ಹೊತ್ತುಕೊಂಡು ಹೋಗಿ, ಬೇವಿನ ಕೊಂಬೆಯ ಮೇಲೆ ಸಾವಕಾಶವಾಗಿ ತಿಂದು, ಅಲ್ಲೇ ತೂಕಡಿಸಿ, ಕಣ್ಣು ಬಿಟ್ಟ ಕೂಡಲೇ ಮತ್ತೆ ಬರುತ್ತವೆ. ಕಚರೂ ಬಾ ಡಬ್ಬ ಬಡಿದರೆ ಎದ್ದು ನನ್ನ ಹೊಲಕ್ಕೆ, ನಾನು ಬಡಿದರೆ ಅವನ ಹೊಲಕ್ಕೆ. ನಿನ್ನ ಗಿಣಿಗಳನ್ನು ನನ್ನ ಮೇಲೆ ಬಿಡುತ್ತೀಯಾ ಎಂದು ಅವನು, ನನ್ನವು ಎನ್ನಲು ಅವಕ್ಕೆ ನಾನೇನು ನಾಮಕರಣ ಮಾಡಿದ್ದೇನೆಯೇ ಎಂದು ನಾನು. ಬದುವಿನ ಎರಡೂ ಕಡೆ ನಿಂತು ನಾವು ಹೀಗೆ ಗಂಟಲು ಹರಿದುಕೊಳ್ಳುವಾಗ ಗಿಣಿಗಳು ಎರಡೂ ಹೊಲದಲ್ಲಿ ನೆಮ್ಮದಿಯಾಗಿ ಉಣ್ಣುತ್ತಿದ್ದವು.

ಆಗ ಕಚರೂ ಬಾನಿಗೆ ಬುದ್ಧಿ ಓಡಿತು. ನಮ್ಮೂರಲ್ಲಿ ಕಾಯಿ ಗೀರುವ ಮೊದಲು ಹೊಲದ ಮೂಲೆಯಲ್ಲಿ ಮಾತಾಜಿಯ ಪೂಜೆ ಮಾಡಿ, ಕೆಲವು ಗಿಡಗಳಿಗೆ ಲಚ್ಛಾ ಎಂಬ ಕೆಂಪು ದಾರ ಕಟ್ಟುತ್ತೇವೆ. ಆ ಗಿಡಗಳು ಮಾತಾಜಿಯವು. ಅವುಗಳ ಮೇಲೆ ಯಾರೂ ಕಬ್ಬಿಣ ಇಡುವುದಿಲ್ಲ. ಹೋದ ವರ್ಷ ಗಿಣಿಗಳು ಇಡೀ ಹೊಲ ತಿಂದರೂ ಆ ಮೂಲೆಯ ಕಡೆ ಸುಳಿದಿರಲಿಲ್ಲ. ಅಲ್ಲಿ ಇವನು ಬೀಡಿ ಸೇದುತ್ತಾ ಕುಳಿತಿರುತ್ತಿದ್ದುದರಿಂದ ಎಂದು ನಾನು ಹೇಳಿದೆ. ಅಲ್ಲ, ದಾರದ ತುದಿ ಗಾಳಿಗೆ ಪಟಪಟ ಆಡುವುದನ್ನು ಕಂಡು ಹೆದರುತ್ತವೆ ಎಂದ ಅವನು. ಪೇಟೆಗೆ ಹೋಗಿ ಪೂಜಾಸಾಮಾನಿನ ಅಂಗಡಿಯಿಂದ ಲಚ್ಛಾ ಉಂಡೆಗಳನ್ನು ಚೀಲದಲ್ಲಿ ತಂದ. ಗಂಡಹೆಂಡತಿ ಇಬ್ಬರೂ ಕುಳಿತು, ಅಂಚಿನ ಸಾಲುಗಳಿಂದ ಶುರುಮಾಡಿ, ಸಾಕು ಅನ್ನಿಸದೆ ಒಳಗೊಳಗೆ ಹೋಗಿ, ಹೊಲದ ಮುಕ್ಕಾಲು ಪಾಲು ಗಿಡಗಳ ಕುತ್ತಿಗೆಗೆ ತುದಿ ಬಿಟ್ಟು ಕಟ್ಟಿದರು. ಸುಗನ್‌ಬಾಯಿ ನಡುವೆ ಒಮ್ಮೆ, ಇದು ಪೂಜೆಯ ದಾರ ಅಲ್ವಾ ಎಂದಳಂತೆ. ದಾರ ದಾರವೇ ಎಂದನಂತೆ ಇವನು.

ಗಿಣಿಗಳು ನಿಜಕ್ಕೂ ಹೆದರಿದವು. ಗಾಳಿ ಬೀಸಿದರೆ ಹೊಲಕ್ಕೆ ಹೊಲವೇ ಕೆಂಪಗೆ ನಡುಗುತ್ತಿತ್ತು. ಅಷ್ಟೂ ಗಿಣಿಗಳು ನನ್ನ ಹೊಲಕ್ಕೆ ಬಿದ್ದವು. ಕಚರೂ ಬಾ ಬದುವಿನ ಮೇಲೆ ಕಾಲು ಚಾಚಿ ಕುಳಿತು, ನನ್ನ ಕಡೆ ನೋಡಿ, ಏನು ಲಂಬರ್‌ದಾರ್, ಈ ಸಲ ನಿಮ್ಮ ಮನೆಗೆ ಬಹಳ ನೆಂಟರು ಎಂದ. ನಾನು ಹೇಳಿದ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಗೀರುವ ದಿನ ಬಂತು. ಈ ಕೆಲಸಕ್ಕೆ ನಮ್ಮೂರಲ್ಲಿ ಧಾಪೂಬಾಯಿಯ ತಂಡವೇ ಆಗಬೇಕು. ಮನೆಯಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ, ಐದನೆಯವಳಿಗೆ ಸಾಕು ಎಂದೇ ಹೆಸರಿಟ್ಟಿದ್ದು, ಅದೇ ಧಾಪೂ. ಸಾಕು ಎಂದವರ ಮೇಲೆ ಸೇಡು ತೀರಿಸಿಕೊಳ್ಳುವಂತೆ ಆಕೆ ಎತ್ತರಕ್ಕೂ ಅಗಲಕ್ಕೂ ಬೆಳೆದಿದ್ದಳು. ಮೊನಚು ಅಲಗುಗಳನ್ನು ಒಟ್ಟಿಗೆ ಕಟ್ಟಿದ ಪುಟ್ಟ ಕತ್ತಿ ಹಿಡಿದು, ಮಧ್ಯಾಹ್ನದ ಬಿಸಿಲಿಗೆ ಹೆಂಗಸರು ಸಾಲಿನಲ್ಲಿ ಹಿಂದೆ ಹಿಂದೆ ನಡೆಯುತ್ತಾ ಕಾಯಿಗೆ ಗೀರು ಎಳೆಯುತ್ತಾರೆ. ಮುಂದೆ ನಡೆದರೆ ಸೋರುವ ಹಾಲೆಲ್ಲ ಸೀರೆಗೆ. ಗೀರು ಆಳವಾದರೆ ಹಾಲು ಒಳಗಿಳಿದು ಬೀಜ ಕೆಡುತ್ತದೆ, ಮೇಲುಮೇಲಾದರೆ ಹಾಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಬಿಳಿ ಹಾಲು ಕಂದು ಅಂಟಾಗಿ ಕುಳಿತಿರುತ್ತದೆ, ಬಿಸಿಲೇರುವ ಮೊದಲು ಕೆರೆದುಕೊಳ್ಳಬೇಕು. ಕಾಯಿ ಹದಕ್ಕೆ ಬಂದಾಗ ಗೀರಬೇಕು. ಹದ ದಾಟಿತೋ, ಹಾಲು ಬತ್ತಿತು.

ಮೂಲೆಯಲ್ಲಿ ಪೂಜೆ ಆಯಿತು, ತೆಂಗಿನಕಾಯಿ ಒಡೆಯಿತು, ಬೆಲ್ಲ ಹಂಚಿದ್ದಾಯಿತು. ಧಾಪೂಬಾಯಿ ಕತ್ತಿ ಹಿಡಿದು ಮೊದಲ ಸಾಲಿಗೆ ಬಂದವಳು ಹಾಗೇ ನಿಂತಳು. ಹಿಂದಿನ ಹೆಂಗಸರೂ ನಿಂತರು.

"ಬಾ, ಇದೇನು, ಇಡೀ ಹೊಲ ಮಾತಾಜಿಗೆ ಬರೆದುಕೊಟ್ರಾ?"

"ಅದು ಗಿಣಿಗೆ ಕಟ್ಟಿದ್ದು. ನಿನ್ನ ಕೆಲಸ ನೋಡು."

"ಗಿಣಿಗೆ ಕಟ್ಟಿದ್ದು ಅಂತ ದಾರ ಹೇಳ್ತದಾ?"

"ನಾನು ಹೇಳ್ತಾ ಇದ್ದೀನಲ್ಲ."

"ನೀವು ಹೇಳಿದ್ದು ನಮಗೆ ಕೇಳಿಸ್ತು. ಆಚೆ ಊರಿಗೂ ಕೇಳಿಸಿರ್ತದೆ. ಮಾತಾಜಿಗೆ ಕಾಣೋದು ದಾರ ಮಾತ್ರ. ನಾಳೆ ನನ್ನ ಮೊಮ್ಮಗಳ ಮೈಮೇಲೆ ಬೊಕ್ಕೆ ಎದ್ರೆ ಗಿಣಿ ಬಂದು ಬೇವಿನೆಲೆ ಬೀಸ್ತದಾ?"

ಕಚರೂ ಬಾ ಶುರುಮಾಡಿದ. ಧಾಪೂವಿನ ಬುದ್ಧಿ, ಅವಳ ತವರು, ಅವಳ ಗಂಡ ಬದುಕಿದ್ದಾಗ ಅನುಭವಿಸಿದ ಕಷ್ಟ, ಎಲ್ಲ ಬಂತು. ಅವಳು ಅದನ್ನೆಲ್ಲ ನಿಂತು ಕೇಳಿ, ಮುಗಿಯಿತಾ ಎಂದು ಕೇಳಿ, ದಾರವಿಲ್ಲದ ಗಿಡಗಳನ್ನು ಗೀರುತ್ತೇವೆ, ದಾರವಿದ್ದದ್ದನ್ನು ಮುಟ್ಟುವುದಿಲ್ಲ ಎಂದಳು. ಆದರೆ ದಾರವಿಲ್ಲದ್ದನ್ನೆಲ್ಲ ಗೀರಿದರೂ ತೂಕದ ಹತ್ತಿರಕ್ಕೂ ಬರುವಂತಿರಲಿಲ್ಲ. ಹಾಗಾದರೆ ಬಿಚ್ಚುತ್ತೇನೆ ಎಂದ ಇವನು.

"ಬಿಚ್ಚಿ. ಕಟ್ಟಿದ ಕೈಯೇ ಬಿಚ್ಚಲಿ. ನಾವು ನೆರಳಲ್ಲಿ ಕೂತಿರ್ತೀವಿ."

ಕಚರೂ ಬಾ ಮೊದಲ ಗಿಡಕ್ಕೆ ಬಗ್ಗಿದ. ದಾರದ ತುದಿ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ತಿಪ್ಪೆಯಿಂದ ಎತ್ತಿ ಮಾತಾಜಿಯ ಕಟ್ಟೆಯ ಮೇಲೆ ಮಲಗಿಸಿದ ಕೂಸಲ್ಲವೇ ಅವನು. ಆಮೇಲೆ ನೆಟ್ಟಗಾಗಿ, ಸೊಂಟ ಹಿಡಿದುಕೊಂಡಿದೆ ಎಂದ. ಸುಗನ್‌ಬಾಯಿ ಬಿಚ್ಚಲಿ ಎಂದು ಅವಳ ಕಡೆ ನೋಡಿದ. ಅವಳಿಗೂ ಅದೇ ಗಳಿಗೆಯಲ್ಲಿ ಸೊಂಟ ಹಿಡಿದುಕೊಂಡಿತು. ಲಂಬರ್‌ದಾರ್ ನೀನು ಸರ್ಕಾರದವನು, ನಿನಗೇನೂ ಆಗುವುದಿಲ್ಲ ಎಂದು ನನ್ನ ಕಡೆ ತಿರುಗಿದ. ನಾನು ಯಾರಿಗೂ ಹೆದರುವವನಲ್ಲ, ಆದರೆ ಆ ದಿನ ನನ್ನ ಹೊಲದಲ್ಲಿ ಕೆಲಸವಿತ್ತು.

ಮಾರನೆಯ ದಿನ ಅವನು ಪಕ್ಕದ ಊರಿಗೆ ಹೋಗಿ ಅಲ್ಲಿನ ಹೆಂಗಸರನ್ನು ಕರೆತಂದ. ಅವರು ಬದುವಿನವರೆಗೆ ಹರಟುತ್ತಾ ಬಂದು, ಕೆಂಪಗೆ ನಡುಗುವ ಹೊಲ ನೋಡಿ, ಸೆರಗು ತಲೆಗೆಳೆದು ಕೈಮುಗಿದು, ಹರಟುತ್ತಾ ವಾಪಸು ಹೋದರು. ಕೊನೆಗೆ ತಾನೇ ಕತ್ತಿ ಹಿಡಿದು ದಾರವಿಲ್ಲದ ಸಾಲಿಗೆ ಇಳಿದ. ಆ ಕೈ ನೇಗಿಲು ಹಿಡಿಯಲು ಹುಟ್ಟಿದ ಕೈ. ಗೀರಿದ ಕಾಯೆಲ್ಲ ಒಳಗೆ ತೂತಾಗಿ ಹಾಲು ಬೀಜದ ಮೇಲೆ ಇಳಿಯಿತು. ಅಷ್ಟರಲ್ಲಿ ಕಾಯಿಗಳ ಮೈಬಣ್ಣ ತಿರುಗುತ್ತಾ ಬಂದಿತ್ತು. ಪಡುವಣದಲ್ಲಿ ಮೋಡ ಬೇರೆ. ಅವನು ಬದುವಿನ ಮೇಲೆ ಕುಳಿತು, ಭಾಯಾ, ಈ ಸಲ ಪಟ್ಟಾ ಹೋಯ್ತು ಎಂದ. ಬೈಗುಳವಿಲ್ಲದೆ ಅವನು ಪೂರ್ತಿ ವಾಕ್ಯ ಆಡಿದ್ದು ಕೇಳಿ ನನಗೆ ಭಯವಾಯಿತು.

ಅಂದು ಸಂಜೆ ಸುಗನ್‌ಬಾಯಿ ಯಾರಿಗೂ ಹೇಳದೆ ಧಾಪೂವಿನ ಮನೆಗೆ ಹೋಗಿ ಬಂದಳು. ಬೆಳಿಗ್ಗೆ ಎಲ್ಲರೂ ಮಾತಾಜಿಯ ಕಟ್ಟೆಯ ಹತ್ತಿರ ಸೇರಿದೆವು. ಧಾಪೂಬಾಯಿ ನೇರವಾಗಿ ವಿಷಯಕ್ಕೆ ಬಂದಳು. ದಾರ ಬಿಚ್ಚುವಂತಿಲ್ಲ, ಮಾತಾಜಿಯ ಗಿಡಕ್ಕೆ ಕಬ್ಬಿಣ ಇಡುವಂತೆಯೂ ಇಲ್ಲ. ಆದರೆ ಹೊಲವೇ ಅವಳದಾದರೆ, ಅವಳ ಬೆಳೆಯನ್ನು ಅವಳ ಆಳುಗಳು ಕೊಯ್ದರೆ ಅದರಲ್ಲಿ ತಪ್ಪಿಲ್ಲ. ತೂಕ ಪಾಸಾಗುವ ತನಕ ಹೊಲ ಮಾತಾಜಿಯದು. ನಾವು ಅವಳ ಆಳುಗಳು.

"ಮತ್ತೆ ನಾನು?" ಎಂದ ಕಚರೂ ಬಾ.

"ನೀವೂ ಆಳೇ. ಹೊಸ ಆಳು. ನಾವು ಹೇಳಿದಂಗೆ ಕೇಳ್ಬೇಕು."

"ನನ್ನ ಹೊಲದಲ್ಲಿ ನಾನು ಆಳಾ?"

"ನಿಮ್ಮ ಹೊಲ ಎಲ್ಲಿದೆ ಬಾ? ಮುಕ್ಕಾಲು ನೀವೇ ಕಟ್ಟಿಕೊಟ್ಟಿದೀರ."

ಷರತ್ತುಗಳನ್ನು ಅವಳು ಬೆರಳು ಮಡಿಚುತ್ತಾ ಹೇಳಿದಳು. ಮಿಂದು, ಚಪ್ಪಲಿ ಬಿಟ್ಟು ಬರಬೇಕು. ಹೆಂಗಸರು ಉಂಡ ಮೇಲೆ ಉಣ್ಣಬೇಕು. ದಾರ ಕಟ್ಟಿದ ಗಿಡಗಳ ಅಫೀಮು ಹೇಗೂ ಸರ್ಕಾರಕ್ಕೇ ಹೋಗಿ, ಎಲ್ಲೋ ಔಷಧಿಯಾಗಿ ನೋವಿನವರಿಗೆ ನಿದ್ದೆ ಕೊಡುತ್ತದೆ, ಅದಕ್ಕೆ ಮಾತಾಜಿ ಬೇಡ ಎನ್ನುವುದಿಲ್ಲ. ಅವುಗಳ ಗಸಗಸೆ ಮಾತ್ರ ಅವಳದು, ಹಲ್ವಾ ಮಾಡಿ ಊರಿಗೆಲ್ಲ ಹಂಚಬೇಕು. ಇದನ್ನು ಕೇಳಿ ಕಚರೂ ಬಾನ ಮುಖ ಸುಟ್ಟ ಬದನೆಕಾಯಿಯಾಯಿತು. ಅಫೀಮಿಗೆ ಸರ್ಕಾರ ಕೊಡುವುದು ಹೆಸರಿಗೆ ಮಾತ್ರ. ನಮ್ಮ ಕೈಯಲ್ಲಿ ನಾಲ್ಕು ಕಾಸು ಆಡುವುದು ಗಸಗಸೆಯಿಂದಲೇ. ಧಾಪೂ ಕೊನೆಯ ಬೆರಳು ಮಡಿಚಿದಳು.

"ಇನ್ನೊಂದು. ಮಾತಾಜಿ ಆಳು ಬಾಯಿ ಬಿಡಂಗಿಲ್ಲ. ತೂಕ ಪಾಸಾಗೋ ತನಕ ಒಂದು ಮಾತಿಲ್ಲ."

"ಒಪ್ಪಿದ್ವಿ," ಎಂದಳು ಸುಗನ್‌ಬಾಯಿ.

ಕಚರೂ ಬಾ ಇನ್ನೂ ಉಸಿರೆಳೆದುಕೊಳ್ಳುತ್ತಿದ್ದ. ಸುಗನ್‌ಬಾಯಿ ತಡವರಿಸದೆ ಕೇಳಿದಳು, "ಹೊಲದಲ್ಲಿ ಮಾತ್ರಾನಾ, ಮನೇಲೂನಾ?"

ಧಾಪೂಬಾಯಿ ಅವಳನ್ನು ಒಂದು ಗಳಿಗೆ ನೋಡಿದಳು. "ಮಾತಾಜಿ ಮನೇಲೂ ಇರ್ತಾಳಲ್ಲ ಭಾಭಿ."

ಅವನು ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟ. ಅದರಲ್ಲಿ ಶಬ್ದವಿರಲಿಲ್ಲ. ಅಲ್ಲಿಂದ ಶುರು.

ಆ ಗೀರಿನ ದಿನಗಳಲ್ಲಿ ಊರವರು ಕೆಲಸವಿಲ್ಲದಿದ್ದರೂ ಆ ಬದುವಿನ ಮೇಲೆ ಹಾದುಹೋಗುತ್ತಿದ್ದರು. ಕಚರೂ ಬಾ ಬರಿಗಾಲಲ್ಲಿ ನೀರಿನ ಕೊಡ ಹೊತ್ತು ಸಾಲಿನಿಂದ ಸಾಲಿಗೆ ಹೋಗುವುದು, ಧಾಪೂಬಾಯಿ ಹಿಂದೆ ಹಿಂದೆ ನಡೆಯುತ್ತಾ ತಿರುಗಿಯೂ ನೋಡದೆ ಕೈ ಚಾಚುವುದು, ಇವನು ಆ ಕೈಗೆ ಲೋಟ ಇಡುವುದು. ಹೆಂಗಸರು ಸುಮ್ಮನಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಅವನು ಯಾರ್ಯಾರಿಗೆ ಏನೇನು ಬೈದಿದ್ದನೋ ಅದನ್ನೆಲ್ಲ ಹಾಡು ಕಟ್ಟಿ ಹಾಡಿದರು. ಅವನು ಕೇಳುತ್ತಾ ಅಂಚಿನಲ್ಲಿ ಸತ್ಯಾನಾಶಿ ಕೀಳುತ್ತಿದ್ದ, ಅದೂ ಮಾತಿಲ್ಲದೆ. ಒಂದು ಮಧ್ಯಾಹ್ನ ಗಿಣಿಯೊಂದು ಧೈರ್ಯ ಮಾಡಿ ಅವನ ಕಣ್ಣೆದುರೇ ಕಾಯಿ ಕತ್ತರಿಸಿತು. ಅವನ ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ತಲೆಯ ಪೇಟ ಬಿಚ್ಚಿ ಗಾಳಿಯಲ್ಲಿ ಬೀಸಿದ. ಗಿಣಿ ಅವನನ್ನು ತಲೆ ಓರೆ ಮಾಡಿ ನೋಡಿತು. ಅದಕ್ಕೂ ಏನೋ ಕಡಿಮೆಯಾಗಿದೆ ಅನ್ನಿಸಿರಬೇಕು.

ನನ್ನ ಪಾಡು ಕೇಳಿ. ಬದುವಿನ ಈಚೆ ನಿಂತು ಬೈದರೆ ಉತ್ತರವಿಲ್ಲ. ಗೋಡೆಗೆ ಚೆಂಡು ಹೊಡೆದರೂ ವಾಪಸು ಬರುತ್ತದೆ. ಕೊನೆಗೆ ನಾನೂ ಸುಮ್ಮನಾದೆ. ಸುಗನ್‌ಬಾಯಿ ಮಾತ್ರ ಆ ದಿನಗಳಲ್ಲಿ ಮೈಕೈ ತುಂಬಿಕೊಂಡಳು. ಗಸಗಸೆ ಎಣ್ಣೆ ತಲೆಗೆ ತಿಕ್ಕಿಕೊಂಡು, ಪಡಸಾಲೆಯಲ್ಲಿ ಕುಳಿತು, ಮದುವೆಯಾದಾಗಿನಿಂದ ಹೇಳಬೇಕು ಎಂದುಕೊಂಡಿದ್ದನ್ನೆಲ್ಲ ಗಂಡನಿಗೆ ಸಾವಕಾಶವಾಗಿ ಹೇಳುತ್ತಿದ್ದಳಂತೆ.

ಮೋಡ ಬಂದಂತೆ ಬಂದು ರಾಜಸ್ಥಾನದ ಕಡೆ ಹೋಯಿತು. ಕಾಯಿಗಳು ಗೀರಿದಷ್ಟು ಸಲವೂ ಹಾಲು ಕೊಟ್ಟವು. ದಿನಾ ಬೆಳಿಗ್ಗೆ ನನ್ನೆದುರು ತೂಗಿದಾಗ ಅವನು ತಕ್ಕಡಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ಒಟ್ಟು ತೂಕ ಸಾಕಾಗುವಂತಿತ್ತು. ಆದರೆ ಹಸಿ ಅಫೀಮು ಒಣಗುತ್ತಾ ಇಳಿಯುತ್ತದೆ, ಕೇಂದ್ರದಲ್ಲಿ ಎಷ್ಟು ಬರುತ್ತದೋ ಅದೇ ಲೆಕ್ಕ.

ಚೈತ್ರದ ಬಿಸಿಲಲ್ಲಿ ನನ್ನ ಟ್ರ್ಯಾಕ್ಟರಿನಲ್ಲಿ ಹೊರಟೆವು. ಅವನು ಡಬ್ಬವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಸರದಿ ಬಂದಾಗ ಸಾಹೇಬರು ಇವನ ಮುಖ ನೋಡಿ ಗುರುತು ಹಿಡಿದು ಕುರ್ಚಿಯನ್ನು ಸ್ವಲ್ಪ ಹಿಂದೆ ಎಳೆದುಕೊಂಡರು. ಹೆಸರು ಕೇಳಿದರು. ಕಚರೂ ಬಾ ಕೈಮುಗಿದ. ಊರು ಕೇಳಿದರು. ಮತ್ತೆ ಕೈಮುಗಿದ. ಮೈ ಹುಷಾರಿಲ್ಲವೇ ಎಂದು ಸಾಹೇಬರು ನನ್ನನ್ನು ಕೇಳಿದರು. ವ್ರತ ಎಂದೆ. ಅವರು ಡಬ್ಬದೊಳಗೆ ಬೆರಳಿಟ್ಟು ಒತ್ತಿ, ಎಳೆ ಎಳೆದು, ಮೂಸಿ ನೋಡಿದರು. ಆಮೇಲೆ ಕೇಳಲೇಬೇಕಾದ ಮಾತು ಕೇಳಿದರು.

"ಇದ್ರಲ್ಲಿ ಏನಾದ್ರೂ ಬೆರೆಸಿದೀರಾ?"

ಕಚರೂ ಬಾನ ಕಿವಿ ಕೆಂಪಾಯಿತು. ಮೀಸೆ ನಡುಗಿತು. ಆದರೆ ತುಟಿ ತೆರೆಯಲಿಲ್ಲ. ಅಷ್ಟು ದಿನ ಬರಿಗಾಲಲ್ಲಿ ನೀರು ಹೊತ್ತವನನ್ನು ಹೀಗೆ ಕೇಳುವುದೇ? ನನಗೆ ತಡೆಯಲಾಗಲಿಲ್ಲ. ನಾನು ಮೇಜಿಗೆ ಕೈ ಕುಟ್ಟಿ, ಏನ್ರೀ ಸಾಹೇಬ್ರೆ, ನೀವು ಮನೇಲಿ ಎಂದು ಇನ್ನೂ ಶುರುಮಾಡಿದ್ದೆ, ಅಷ್ಟರಲ್ಲಿ ಒರಟು ಕೈಯೊಂದು ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿತು. ಕಚರೂ ಬಾ. ನಾನು ಕೊಸರಾಡಿದೆ. ಅವನು ಬಿಡಲಿಲ್ಲ, ಇನ್ನೊಂದು ಕೈಯನ್ನು ಎದೆಗೆ ಒತ್ತಿ ಸಾಹೇಬರಿಗೆ ತಲೆ ಬಾಗಿಸಿದ. ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಈ ವರ್ಷ ನೀವಿಬ್ಬರೂ ಬಾಯಿ ಬದಲಾಯಿಸಿಕೊಂಡಿರಾ ಎಂದು ನಕ್ಕು, ಡಬ್ಬವನ್ನು ತಕ್ಕಡಿಗೆ ಇಡಿಸಿದರು.

ಮುಳ್ಳು ಅಲುಗಿತು, ನಿಂತಿತು. ತೂಕ ಸರಿಯಾಗಿದೆ, ಪಟ್ಟಾ ಮುಂದುವರಿಯುತ್ತದೆ ಎಂದರು.

ಹೊರಗೆ ಬಂದ ಮೇಲೆ, ಪಾಸಾಯ್ತಲ್ಲ ಬಾ, ಇನ್ನು ಮಾತಾಡಬಹುದು ಎಂದೆ. ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದವನಂತೆ ಕಂಡ. ದಾರಿಯುದ್ದಕ್ಕೂ ನಾನು ಅವನನ್ನು ಮಾತಿಗೆಳೆಯಲು ನಾದಿನಿಯಂತೆ ಎಷ್ಟು ಚುಚ್ಚಿದರೂ ಸುಮ್ಮನೆ ಬಿಸಿಲು ನೋಡುತ್ತಾ ಕುಳಿತಿದ್ದ. ಅಭ್ಯಾಸವೇ ತಪ್ಪಿಹೋಯಿತೇನೋ ಅಂದುಕೊಂಡು ನಾನು ಟ್ರ್ಯಾಕ್ಟರನ್ನು ಇನ್ನೂ ಜೋರಾಗಿ ಓಡಿಸಿದೆ.

ಊರು ಬಂತು. ಅವನ ಅಂಗಳದಲ್ಲಿ ಒಣಗಿದ ಕಾಯಿಗಳ ರಾಶಿ. ಹೆಂಗಸರು ಅದನ್ನು ಒಡೆದು ಗಸಗಸೆ ಉದುರಿಸಿಕೊಳ್ಳಲು ಬಂದು, ಒಳಗೆ ಚಹಾ ಕುಡಿಯುತ್ತಾ ಸುದ್ದಿಗೆ ಕಾಯುತ್ತಿದ್ದರು. ರಾಶಿಯ ಮೇಲೆ ಯಾರೂ ಇರಲಿಲ್ಲ, ಗಿಣಿಗಳ ಹೊರತು. ಕಚರೂ ಬಾ ಟ್ರ್ಯಾಕ್ಟರ್ ನಿಲ್ಲುವ ಮೊದಲೇ ಧುಮುಕಿದ. ಆಮೇಲೆ ಅವನ ಬಾಯಿಂದ ಬಂದದ್ದನ್ನು ಕೇಳಿ ಎಮ್ಮೆ ಗೂಟ ಕಿತ್ತುಕೊಂಡಿತು. ಗಿಣಿಗಳ ತಾಯಿತಂದೆ, ಅವುಗಳ ಮೊಟ್ಟೆ, ಆ ಮೊಟ್ಟೆ ಇಟ್ಟ ಮರ, ಮರ ನೆಟ್ಟವನು, ಯಾರನ್ನೂ ಬಿಡಲಿಲ್ಲ.

ಒಳಗೆ ಚಹಾದ ಲೋಟಗಳ ಸದ್ದು ನಿಂತಿತು. ಸುಗನ್‌ಬಾಯಿ ಒಮ್ಮೆ ನಿಟ್ಟುಸಿರು ಬಿಟ್ಟದ್ದು ಅಂಗಳಕ್ಕೂ ಕೇಳಿಸಿತು.

"ಪಾಸಾಯ್ತು ಕಣೇ ಧಾಪೂ," ಎಂದಳು. "ಎದ್ದು ಹಲ್ವಾಕ್ಕೆ ಬಾಣಲೆ ತೆಗಿ."